ಸ್ಕ್ಯಾನರ್ ಕನೆಕ್ಟ್ ಆಗಲ್ಲ ಅಂದ್ರೆ ಮೊದಲು ಮೀಟರ್ ಹಿಡಿಯಿರಿ

ಹಳೇ ಕಾರಿಗೆ ಸ್ಕ್ಯಾನರ್, ಅಂದರೆ ಕಾರಿನ ದೋಷ ಓದುವ ಯಂತ್ರ, ಚುಚ್ಚಿ ಕನೆಕ್ಟ್ ಆಗದಿದ್ದರೆ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಇನ್ನೊಂದು ಸ್ಕ್ಯಾನರ್ ತರಿಸುತ್ತಾರೆ, ಇಲ್ಲಾ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅಂತ ತೀರ್ಮಾನ ಮಾಡುತ್ತಾರೆ. ಎರಡಕ್ಕೂ ದುಡ್ಡು ಬೇಕು. ಮಲ್ಟಿಮೀಟರ್ ಹಿಡಿದು ಸ್ಕ್ಯಾನರ್ ಚುಚ್ಚುವ ಸಾಕೆಟ್ಟಿನ ನಾಲ್ಕು ಪಿನ್ ನೋಡೋದಕ್ಕೆ ಖರ್ಚಿಲ್ಲ. ಆದರೂ ಅದನ್ನು ಮಾಡುವವರು ಕಡಿಮೆ.

ಸಾಗರದಲ್ಲಿ ನನ್ನದೊಂದು ಚಿಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ. ಈಗ ಹೇಳೋದು ನಿವೃತ್ತ ಮೇಷ್ಟ್ರೊಬ್ಬರ ಕಾರಿನ ವಿಷಯ. 2006ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ಆ ಕಾಲದ ಎಷ್ಟೋ ಕಾರುಗಳ ಕಥೆ ಇದೇ. ಚೆಕ್ ಎಂಜಿನ್ ಲೈಟ್ ಆರುತ್ತಲೇ ಇರಲಿಲ್ಲ, ಮೈಲೇಜ್ ಇಳಿದಿತ್ತು. ಮೇಷ್ಟ್ರ ಮಗ ಆನ್‌ಲೈನಲ್ಲಿ ತರಿಸಿಕೊಟ್ಟ ನೀಲಿ ಬಣ್ಣದ ಬ್ಲೂಟೂತ್ ರೀಡರ್ (ಫೋನಿನಲ್ಲಿ ನೋಡುವ ಚಿಕ್ಕ ಸ್ಕ್ಯಾನರ್) ಕನೆಕ್ಟ್ ಆಗಿರಲಿಲ್ಲ. ಬೇರೊಂದು ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಹಾಕಿದಾಗಲೂ ಅದೇ ಹಾಡು. ಇಸಿಎಂ ಸತ್ತಿದೆ, ಬದಲಿಸಬೇಕು ಅಂತ ಅಲ್ಲಿ ಹೇಳಿ ಕಳಿಸಿದ್ದರು.

"ಅಲ್ಲ ಮಾರಾಯ, ಇಸಿಎಂ ಸತ್ತಿದ್ರೆ ಗಾಡಿ ಓಡ್ತಾ ಇರೋದು ಹೆಂಗೆ?" ಅಂತ ಮೇಷ್ಟ್ರು ಕೇಳಿದರು.

"ಸರಿಯಾಗೇ ಕೇಳಿದ್ರಿ ಮೇಷ್ಟ್ರೇ" ಅಂದೆ. ಇಂಜೆಕ್ಟರ್ ಬಿಡೋದು, ಸ್ಪಾರ್ಕ್ ಕೊಡೋದು ಎಲ್ಲಾ ಇಸಿಎಂ ಕೆಲಸ. ಕೀ ತಿರುಗಿಸಿದ ಕೂಡಲೇ ಚೆಕ್ ಲೈಟ್ ಬರುತ್ತೆ, ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುತ್ತೆ, ಎಂಜಿನ್ ಸ್ಟಾರ್ಟ್ ಆಗುತ್ತೆ ಅಂದರೆ ಇಸಿಎಂ ಬದುಕಿದೆ. ಅದರೊಳಗಿನ ಮಾತಾಡುವ ಭಾಗ ಮಾತ್ರ ಸುಟ್ಟಿರಬಹುದು, ಅದೂ ಉಂಟು. ಆದರೆ ಅದು ಕೊನೆಗೆ ನೋಡಬೇಕಾದ ವಿಷಯ, ಮೊದಲಿಗಲ್ಲ.

ಇಲ್ಲಿ ಇಸವಿಯ ಲೆಕ್ಕ ಸ್ವಲ್ಪ ಗೊತ್ತಿರಬೇಕು. ನಮ್ಮ ದೇಶದಲ್ಲಿ ಬಿಎಸ್4 ಹೊಗೆ ನಿಯಮದ ಕಾರುಗಳಿಗೆ ಓಬಿಡಿ (ಕಾರು ತನ್ನ ದೋಷ ತಾನೇ ಗುರುತಿಸಿ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಲ್ಲಿ, ಅದರ ಮುಂದಿನ ಹಂತ ಓಬಿಡಿ-2 ಬಂದದ್ದು 2013ರ ಏಪ್ರಿಲ್‌ನಲ್ಲಿ. ಅಮೆರಿಕದಲ್ಲಿ 1996ರಿಂದಲೇ ಇತ್ತು. ಹಾಗಾಗಿ "1996ರ ನಂತರದ ಎಲ್ಲಾ ಕಾರಿಗೂ ಹೊಂದುತ್ತದೆ" ಅಂತ ರೀಡರಿನ ಡಬ್ಬದ ಮೇಲೆ ಬರೆದಿದ್ದು ನಮಗೆ ಲಾಗೂ ಆಗಲ್ಲ. 2006ರ ಕಾರಿನಲ್ಲಿ ಹದಿನಾರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಒಳಗೆ ಓಬಿಡಿ-2 ಇದೆ ಅಂತ ಗ್ಯಾರಂಟಿ ಇಲ್ಲ. ಸಾಕೆಟ್ ಒಂದೇ, ಒಳಗಿನ ಭಾಷೆ ಕಂಪನಿಯದ್ದೇ ಇರಬಹುದು. ಅದಕ್ಕಿಂತ ಹಳೇ ಗಾಡಿಗಳಲ್ಲಿ ಎರಡು ಟರ್ಮಿನಲ್ ವೈರಿನಿಂದ ಸೇರಿಸಿ ಚೆಕ್ ಲೈಟಿನ ಮಿಣುಕು ಎಣಿಸುವ ಪದ್ಧತಿ ಇತ್ತು. ಹಳೇ ಸುಜುಕಿ ಎಂಜಿನ್‌ಗಳಲ್ಲಿ ಒಂದು ಸಲ ಮಿಣುಕಿ, ಸ್ವಲ್ಪ ನಿಂತು, ಮತ್ತೆರಡು ಸಲ ಮಿಣುಕಿದರೆ ಕೋಡ್ 12. ಅಂದರೆ ಎಲ್ಲ ಸರಿ ಇದೆ ಅಂತ. ನನಗೆ ಈಗಲೂ ಆ ಪದ್ಧತಿಯೇ ಇಷ್ಟ, ಬ್ಯಾಟರಿ ಬೇಡ, ಬ್ಲೂಟೂತ್ ಬೇಡ.

ಕನೆಕ್ಷನ್ ಅಂದರೆ ಒಂದಲ್ಲ, ಎರಡು. ಫೋನಿನಿಂದ ರೀಡರಿಗೆ ಒಂದು, ರೀಡರಿನಿಂದ ಕಾರಿಗೆ ಇನ್ನೊಂದು. ಯಾವುದು ಕಡಿದಿದೆ ಅಂತ ಮೊದಲು ನೋಡಿಕೊಳ್ಳಬೇಕು. ಬ್ಲೂಟೂತ್ ರೀಡರಾದರೆ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪೇರ್ ಮಾಡಿ, ಪಿನ್ 1234 ಅಥವಾ 0000, ಆಮೇಲೆ ಆ್ಯಪಿನೊಳಗೆ ಅದನ್ನೇ ಆರಿಸಬೇಕು. ಅಗ್ಗದ ಹಳೇ ಥರದ ಬ್ಲೂಟೂತ್ ಐಫೋನಿಗೆ ಆಗಲ್ಲ. ವೈಫೈ ರೀಡರಾದರೆ ಮೊಬೈಲ್ ಡೇಟಾ ಬಂದ್ ಮಾಡಿ, ಇಲ್ಲಾಂದ್ರೆ ಇಂಟರ್ನೆಟ್ ಇಲ್ಲ ಅಂತ ಫೋನೇ ಆ ವೈಫೈ ಬಿಟ್ಟುಬಿಡುತ್ತೆ. ಮೇಷ್ಟ್ರ ರೀಡರ್ ಇಷ್ಟು ದಾಟಿತ್ತು. ಆ್ಯಪಿನಲ್ಲಿ ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಎಟಿಆರ್‌ವಿ ಅಂತ ಹೊಡೆದರೆ ಬ್ಯಾಟರಿ ವೋಲ್ಟ್ ತೋರಿಸುತ್ತಿತ್ತು. ಆಮೇಲೆ ಕಾರನ್ನೇ 0100 ಅಂತ ಕೇಳಿದರೆ "ಬಸ್ ಇನಿಟ್" ಅಂತ ಬಂದು, ಚುಕ್ಕಿ ಚುಕ್ಕಿ ಹಾಕಿ, "ಎರರ್". ಅಂದರೆ ಫೋನಿಗೂ ರೀಡರಿಗೂ ಜಗಳ ಇಲ್ಲ. ತೊಂದರೆ ಇರೋದು ಕಾರಿನ ಕಡೆ.

ಈಗ ಮೀಟರ್. ಸಾಕೆಟ್ಟನ್ನು ಎದುರಿಗೆ ಹಿಡಿದು ಅಗಲದ ಬದಿ ಮೇಲಿದ್ದರೆ, ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನ ಸಾಲು 9ರಿಂದ 16. ಹಳೇ ಕಾರಿಗೆ ಮುಖ್ಯವಾಗಿ ಬೇಕಾದ್ದು ನಾಲ್ಕೇ ಪಿನ್. 16ರಲ್ಲಿ ಬ್ಯಾಟರಿಯ ಪ್ಲಸ್, 4 ಮತ್ತು 5 ಅರ್ಥ್, 7 ಕೆ-ಲೈನ್, ಅಂದರೆ ಹಳೇ ಕಾರು ಸ್ಕ್ಯಾನರ್ ಜೊತೆ ಮಾತಾಡುವ ವೈರ್. ಹೊಸ ಕಾರುಗಳು ಮಾತಾಡೋದು 6 ಮತ್ತು 14ರಲ್ಲಿ, ಅದು ಕ್ಯಾನ್ ಅನ್ನೋ ಎರಡು ವೈರಿನ ಪದ್ಧತಿ. ಸಾಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿದರೇ ಅರ್ಧ ಉತ್ತರ ಸಿಗುತ್ತೆ. 7ರಲ್ಲಿ ತಗಡು ಇದ್ದು 6, 14 ಖಾಲಿ ಇದ್ದರೆ ಅದು ಕೆ-ಲೈನ್ ಗಾಡಿ. ಮೇಷ್ಟ್ರ ಕಾರು ಹಾಗೇ ಇತ್ತು.

ಒಂದು ಮಾತು: ಮೀಟರಿನ ದಪ್ಪ ಮೊನೆಯನ್ನು ಸಾಕೆಟ್ ಒಳಗೆ ತುರುಕಬೇಡಿ. ಒಳಗಿನ ತಗಡು ಅಗಲ ಆಗಿ, ಇಲ್ಲದ ಲೂಸ್ ಕಾಂಟ್ಯಾಕ್ಟ್ ಹುಟ್ಟಿಕೊಳ್ಳುತ್ತೆ. ನಾನು ಗುಂಡುಸೂಜಿ ಬಳಸುತ್ತೇನೆ, ಸಾಕೆಟ್ಟಿನ ಹಿಂದಿನಿಂದ ವೈರಿನ ಪಕ್ಕ ಇಳಿಸಿ. ಎರಡು ಸೂಜಿ ಒಂದಕ್ಕೊಂದು ತಾಗಬಾರದು ಅಷ್ಟೇ. ಹಳದಿ ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್) ಕಂಡರೆ ಅದು ಏರ್‌ಬ್ಯಾಗಿನದ್ದು, ಅದರ ತಂಟೆಗೆ ಹೋಗಲೇಬೇಡಿ.

16ರಿಂದ 4ಕ್ಕೆ ನೋಡಿದೆ, 12.4 ವೋಲ್ಟ್. 5ಕ್ಕೂ ಅಷ್ಟೇ. ಇಲ್ಲಿ ಏನೂ ಬರದಿದ್ದರೆ ಫ್ಯೂಸ್ ನೋಡಬೇಕು. ಎಷ್ಟೋ ಕಾರುಗಳಲ್ಲಿ ಸಿಗರೇಟ್ ಲೈಟರಿಗೋ ಒಳಗಿನ ದೀಪಕ್ಕೋ ಇರುವ ಫ್ಯೂಸೇ ಇದಕ್ಕೂ ಇರುತ್ತೆ. ಲೋಕಲ್ ಮೊಬೈಲ್ ಚಾರ್ಜರ್ ಹಾಕಿ ಆ ಫ್ಯೂಸ್ ಹಾರಿಸಿಕೊಂಡು, ಸ್ಕ್ಯಾನರ್ ಕೆಟ್ಟಿದೆ ಅಂತ ಬರುವವರು ಜಾಸ್ತಿ.

ಕೀ ಆನ್ ಮಾಡಿ 7ನ್ನು ನೋಡಿದೆ. 0.3 ವೋಲ್ಟ್.

ಗುಟ್ಟು ಇರೋದೇ ಇಲ್ಲಿ. ಕೆ-ಲೈನ್ ಸುಮ್ಮನಿದ್ದಾಗ ಬ್ಯಾಟರಿ ವೋಲ್ಟಿನ ಹತ್ತಿರ ಇರಬೇಕು. ಮಾತಾಡುವಾಗ ಅದನ್ನು ಅರ್ಥಿಗೆ ಎಳೆದು ಬಿಟ್ಟು, ಎಳೆದು ಬಿಟ್ಟು ಸಂದೇಶ ಕಳಿಸುತ್ತಾರೆ. ಕೆಲವು ಕಾರುಗಳಲ್ಲಿ ರೀಡರ್ ಹಾಕದೆ ವೋಲ್ಟ್ ಕಡಿಮೆ ತೋರಿಸಬಹುದು, ಮೇಲಕ್ಕೆ ಎತ್ತಿ ಹಿಡಿಯುವ ಕೆಲಸ ರೀಡರಿನದ್ದೂ ಹೌದು. ಹಾಗಾಗಿ ರೀಡರ್ ಹಾಕಿಕೊಂಡು ಹಿಂದಿನಿಂದ ಮತ್ತೆ ನೋಡಿದೆ. ಆಗಲೂ 0.3. ಯಾರೋ ಆ ವೈರನ್ನು ಕೆಳಗೇ ಹಿಡಿದುಕೊಂಡಿದ್ದಾರೆ ಅಂತಾಯ್ತು. ದೊಡ್ಡ ಸ್ಕ್ಯಾನರ್ ಕೂಡ ಸೋತಿದ್ದು ಇದಕ್ಕೇ.

ಆದರೆ ಯಾರು? ಕೆ-ಲೈನ್ ಅಂದರೆ ನಾಲ್ಕು ಮನೆಗೆ ಒಂದೇ ಬಾವಿ ಇದ್ದ ಹಾಗೆ. ಎಂಜಿನ್ ಇಸಿಎಂ, ಕಳ್ಳತನ ತಡೆಯುವ ಇಮೊಬಿಲೈಸರ್, ಬ್ರೇಕಿನ ಎಬಿಎಸ್ ಇದ್ದರೆ ಅದು, ಎಲ್ಲಾ ಅದೇ ವೈರಿಗೆ ಬರಬಹುದು. ಒಬ್ಬರು ಕೆಡಿಸಿದರೆ ಯಾರಿಗೂ ನೀರಿಲ್ಲ. ಕಂಡುಹಿಡಿಯಲು ಒಂದೊಂದೇ ಕಪ್ಲರ್ ಬಿಡಿಸುತ್ತಾ ಹೋಗಬೇಕು. ಬ್ಯಾಟರಿಯ ಮೈನಸ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮೀಟರನ್ನು ಓಮ್ಸಿಗೆ ಇಟ್ಟು 7ರಿಂದ ಅರ್ಥಿಗೆ ನೋಡಿದೆ. ಎರಡು ಓಮ್ ಹತ್ತಿರ, ಅಂದರೆ ವೈರ್ ಎಲ್ಲೋ ಅರ್ಥಿಗೆ ತಾಗಿದೆ. ಇಸಿಎಂ ಕಪ್ಲರ್ ಬಿಡಿಸಿದೆ, ಬದಲಾಗಲಿಲ್ಲ. ಅಲ್ಲಿಗೆ ಇಸಿಎಂ ನಿರ್ದೋಷಿ, ಮೇಷ್ಟ್ರ ಅರ್ಧ ಚಿಂತೆ ಮುಗಿಯಿತು. ಇಮೊಬಿಲೈಸರ್ ಬಿಡಿಸಿದೆ, ಆಗಲೂ ಎರಡು ಓಮ್. ಆ ಕಾರಿಗೆ ಎಬಿಎಸ್ ಇರಲಿಲ್ಲ. ಉಳಿದದ್ದು ವೈರಿಂಗ್.

ಇಲ್ಲಿ ಕೈ ಕೆಲಸ ಶುರು. ಮೀಟರನ್ನು ಬೀಪ್ ಮಾಡುವ ಜಾಗಕ್ಕೆ ಇಟ್ಟು, ಸೂಜಿಗೆ ಕ್ಲಿಪ್ ಹಾಕಿ, ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದೆ. ಫ್ಯೂಸ್ ಬಾಕ್ಸ್ ದಾಟಿ, ಡ್ಯಾಶ್‌ಬೋರ್ಡ್ ಕೂರಿಸಿದ ಕಬ್ಬಿಣದ ಪಟ್ಟಿಯ ಹತ್ತಿರ ಬಂದಾಗ ಬೀಪ್ ನಿಂತಿತು, ಮತ್ತೆ ಬಂತು. ಯಾವುದೋ ಕಾಲದಲ್ಲಿ ಯಾರೋ ರಿಮೋಟ್ ಸೆಂಟ್ರಲ್ ಲಾಕ್ ಹಾಕಿದ್ದಾರೆ. ಅದರ ಡಬ್ಬಿ ನೇತಾಡಬಾರದು ಅಂತ ಕಂಪನಿ ವೈರಿಂಗಿನ ಜೊತೆ ಸೇರಿಸಿ ಆ ಪಟ್ಟಿಗೆ ಪ್ಲಾಸ್ಟಿಕ್ ಟ್ಯಾಗ್ ಎಳೆದು ಬಿಗಿದಿದ್ದಾರೆ. ಟ್ಯಾಗ್ ಕತ್ತರಿಸಿದೆ. ಕರಗಿದ ಬೆಲ್ಲದ ಹಾಗಿದ್ದ ಹಳೇ ಟೇಪಿನ ಅಂಟು ಬೆರಳಿಗೆ ಹತ್ತಿತು. ಒಳಗೆ ಪಟ್ಟಿಯ ಅಂಚು ತಾಗಿದ ಕಡೆ ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. ತಾಮ್ರವೂ ತಾಮ್ರದ ಬಣ್ಣದಲ್ಲಿರಲಿಲ್ಲ, ಹಸಿರು ಪುಡಿ ಹಿಡಿದಿತ್ತು. ನಮ್ಮ ಮಳೆಗಾಲ ಗೊತ್ತಲ್ಲ, ನೆನೆದ ಛತ್ರಿಯಿಂದ ಕಾಲಡಿಯ ಮ್ಯಾಟ್‌ವರೆಗೆ ಕಾರಿನೊಳಗೆ ಜೂನಿನಿಂದ ಅಕ್ಟೋಬರ್‌ವರೆಗೂ ಥಂಡಿ. ಬೇರೆ ಊರಲ್ಲಿ ಬರೀ ಸವೆಯುವ ಜಾಗ ಇಲ್ಲಿ ಕೊಳೆಯುತ್ತೆ.

ಸುಮ್ನೆ ಟೇಪ್ ಸುತ್ತಿದರೆ ಆಗಲ್ಲ. ಹಸಿರಾದ ತಾಮ್ರಕ್ಕೆ ಬೆಸುಗೆ ಹಿಡಿಯಲ್ಲ. ಎರಡೂ ಕಡೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಹೀಟ್ ಸ್ಲೀವ್ ಏರಿಸಿದೆ. ಸೆಂಟ್ರಲ್ ಲಾಕಿನ ಡಬ್ಬಿಗೆ ಬೇರೆ ಜಾಗ ಮಾಡಿದೆ. ಎಲ್ಲಾ ಕಪ್ಲರ್ ಹಾಕಿ ಬ್ಯಾಟರಿ ಕೊಟ್ಟು ಕೀ ಆನ್ ಮಾಡಿದಾಗ 7ರಲ್ಲಿ 11.8.

ಇದೇ ಜಾತಿಯ ಇನ್ನೊಂದು ಕಾಟ ಹೇಳಿಬಿಡುತ್ತೇನೆ. ಫೋಕ್ಸ್‌ವ್ಯಾಗನ್ ಗುಂಪಿನ ಹಳೇ ಕಾರುಗಳಲ್ಲಿ ರೇಡಿಯೋಗೂ ಕೆ-ಲೈನ್ ಬರುತ್ತೆ. ಅಂಗಡಿಯಲ್ಲಿ ಹೊಸ ಸ್ಟೀರಿಯೋ ಹಾಕುವಾಗ ಕಪ್ಲರನ್ನು ನೇರ ಚುಚ್ಚಿಬಿಟ್ಟರೆ, ಸ್ಟೀರಿಯೋದ ಬೇರೆ ಯಾವುದೋ ಲೈನು ಆ ವೈರಿಗೆ ಸೇರಿ ಸ್ಕ್ಯಾನರಿನ ಬಾಯಿ ಮುಚ್ಚಿಸುತ್ತೆ. ಅಂಥ ಕಾರು ಬಂದರೆ ನಾನು ಮೊದಲು ಕೇಳೋದೇ "ಸ್ಟೀರಿಯೋ ಬದಲಿಸಿದೀರಾ?" ಅಂತ. ಅದನ್ನು ಹೊರಗೆಳೆದು ಕಪ್ಲರ್ ಬಿಡಿಸಿ ನೋಡಿದರೆ ಗೊತ್ತಾಗಿಬಿಡುತ್ತೆ. ಆ ಗುಂಪಿನ ಹಳೇ ಡೀಸೆಲ್‌ಗಳ ಭಾಷೆಯೂ ಬೇರೆ. ಕೆಡಬ್ಲ್ಯೂಪಿ 1281 ಅಂತ. ಅದಕ್ಕೆ ಬ್ಲೂಟೂತ್ ರೀಡರ್ ಕೆಲಸಕ್ಕೆ ಬಾರದು, ಲ್ಯಾಪ್‌ಟಾಪಿಗೆ ಹಾಕುವ ಕೆಕೆಎಲ್ ಕೇಬಲ್ ಬೇಕು.

ವೈರ್ ಸರಿಯಾದ ಮೇಲೂ ಮೇಷ್ಟ್ರ ನೀಲಿ ರೀಡರ್ ಕನೆಕ್ಟ್ ಆಗಲಿಲ್ಲ. ನನಗೆ ಆಶ್ಚರ್ಯ ಏನೂ ಆಗಲಿಲ್ಲ. ಮಗನ ಹೊಸ ಕಾರಿನಲ್ಲಿ ಅದು ಚೆನ್ನಾಗೇ ಓದುತ್ತಿತ್ತಂತೆ. ಹೊಸ ಕಾರಿನಲ್ಲಿ ಓದಿತು ಅಂದರೆ ಕ್ಯಾನ್ ಇದೆ ಅಂತ ಅಷ್ಟೇ ಅರ್ಥ, ಕೆ-ಲೈನ್ ಇದೆ ಅಂತಲ್ಲ. ಇವೆಲ್ಲಾ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿಯ ಎಲ್ಮ್327 ಅನ್ನೋ ಚಿಪ್ಪಿನ ನಕಲುಗಳು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲು ಮಾತ್ರ ಬರುತ್ತಲೇ ಇದೆ. ಅಗ್ಗದ ನಕಲುಗಳಲ್ಲಿ ಖರ್ಚು ಉಳಿಸಲು ಕೆ-ಲೈನಿನ ಬಿಡಿಭಾಗಗಳನ್ನೇ ಕೂರಿಸಿರುವುದಿಲ್ಲ. ಮೇಲೆ ವರ್ಷನ್ 2.1 ಅಂತ ಬರೆದ ನಕಲುಗಳಲ್ಲಿ ಎಷ್ಟೋ ಆದೇಶ ಕೆಲಸ ಮಾಡಲ್ಲ. 1.5 ಅಂತ ಬರೆದಿರುವುದು ಹಳೇ ಕಾರಿಗೆ ಸಾಮಾನ್ಯವಾಗಿ ವಾಸಿ. ತಮಾಷೆ ಅಂದರೆ ಎಲ್ಮ್ ಕಂಪನಿ 1.5 ಅನ್ನೋದನ್ನು ಬಿಡುಗಡೆ ಮಾಡಿದ್ದೇ ಇಲ್ಲ, ಅದು ನಕಲಿನವರೇ ಇಟ್ಟ ನಂಬರು.

ನನ್ನ ಹತ್ತಿರ ಕೆ-ಲೈನ್ ಓದುವ ಹಳೇ ರೀಡರ್ ಇದೆ. ಅದನ್ನು ಹಾಕಿ ಆಟೋ ಬಿಟ್ಟು ಪ್ರೋಟೋಕಾಲನ್ನು, ಅಂದರೆ ಮಾತಾಡುವ ಭಾಷೆಯನ್ನು, ಕೈಯಾರೆ ಆರಿಸಿದೆ. ರೀಡರಿನ ಪಟ್ಟಿಯಲ್ಲಿ 3 ಅಂದರೆ ಐಎಸ್‌ಓ 9141, 4 ಮತ್ತು 5 ಅಂದರೆ ಕೆಡಬ್ಲ್ಯೂಪಿ, ನಿಧಾನದ್ದು ಮತ್ತು ಬೇಗದ್ದು. ನಿಧಾನ ಅಂದರೆ ನಿಜಕ್ಕೂ ನಿಧಾನ. ಮೊದಲ ಕರೆ ಹೋಗೋದು ಸೆಕೆಂಡಿಗೆ ಐದು ಬಿಟ್ ಲೆಕ್ಕದಲ್ಲಿ, ಒಂದೇ ಒಂದು ಅಕ್ಷರ ಕಳಿಸಲು ಎರಡು ಸೆಕೆಂಡ್. ಆಮೇಲೆ 10,400ರ ವೇಗಕ್ಕೆ ಏರುತ್ತೆ. ಕ್ಯಾನಿಗೆ ಒಗ್ಗಿದ ಕೆಲವು ಆ್ಯಪ್‌ಗಳಿಗೆ ಇಷ್ಟು ಕಾಯುವ ತಾಳ್ಮೆ ಇಲ್ಲ, ಮಧ್ಯದಲ್ಲೇ ಬಿಟ್ಟುಬಿಡುತ್ತವೆ. ಒಂದು ಸಲ ತಪ್ಪಿದರೆ ಕೀ ಆಫ್ ಮಾಡಿ, ಸ್ವಲ್ಪ ನಿಂತು, ಮತ್ತೆ ಆನ್ ಮಾಡಿ ಕೇಳಬೇಕು. ಮೇಲಿಂದ ಮೇಲೆ ಒತ್ತಿದರೆ ಏನೂ ಬರಲ್ಲ.

4ರಲ್ಲಿ ಸಿಕ್ಕಿತು. ದೋಷದ ಕೋಡ್ ಪಿ0135. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್. ಸೆನ್ಸರಿನ ಕಪ್ಲರ್ ಬಿಡಿಸಿ ಹೀಟರಿನ ಎರಡು ವೈರಿಗೆ ಮೀಟರ್ ಹಿಡಿದರೆ ಕೆಲವು ಓಮ್ ಬರಬೇಕು, ಇಲ್ಲಿ ಪೂರ್ತಿ ಓಪನ್, ಅಂದರೆ ಒಳಗೆ ಕಡಿದಿದೆ. ಆ ಸೆನ್ಸರ್ ಕೆಲಸ ಮಾಡೋದು 300 ಡಿಗ್ರಿಗಿಂತ ಮೇಲೆ ಕಾದಾಗ. ಹೀಟರ್ ಸತ್ತರೆ ಸೈಲೆನ್ಸರಿನ ಬಿಸಿಯಿಂದಲೇ ಕಾಯಬೇಕು, ಅಲ್ಲಿಯವರೆಗೆ ಇಸಿಎಂ ಅಂದಾಜಿನಲ್ಲಿ ಪೆಟ್ರೋಲ್ ಬಿಡುತ್ತೆ. ಮೇಷ್ಟ್ರು ಓಡಿಸೋದು ಮನೆಯಿಂದ ಪೇಟೆ, ಪೇಟೆಯಿಂದ ಮನೆ. ಸೆನ್ಸರ್ ಕಾಯುವಷ್ಟರಲ್ಲಿ ಕಾರು ಶೆಡ್ಡಿನಲ್ಲಿರುತ್ತಿತ್ತು. ಮೈಲೇಜ್ ಎಲ್ಲಿಂದ ಬರಬೇಕು ಹೇಳಿ.

ಸೆನ್ಸರ್ ಬದಲಿಸಿದ ಮೇಲಷ್ಟೇ ಕೋಡ್ ಅಳಿಸಿದೆ. ಮೊದಲೇ ಅಳಿಸಿದರೆ ಆ ಹೊತ್ತಿನ ಮಾಹಿತಿ ಎಲ್ಲಾ ಹೋಗುತ್ತೆ, ಲೈಟ್ ಮತ್ತೆ ಬರುವ ತನಕ ಕಾಯಬೇಕು. ನೀಲಿ ರೀಡರನ್ನು ಏನು ಮಾಡಲಿ ಅಂತ ಮೇಷ್ಟ್ರು ಕೇಳಿದರು. ಮಗನ ಕಾರಿಗೇ ಇಟ್ಟುಕೊಳ್ಳಲಿ ಅಂದೆ, ಆದರೆ ಸಾಕೆಟ್ಟಿನಲ್ಲೇ ಬಿಟ್ಟು ಹೋಗಬೇಡಿ, 16ರಲ್ಲಿ ಕೀ ಆಫ್ ಆದರೂ ಕರೆಂಟ್ ಇರುತ್ತೆ, ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತೆ. ಮೇಷ್ಟ್ರ ಕಾರಿನ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಕೆ-ಲೈನ್ ಗಾಡಿ. ಪ್ರೋಟೋಕಾಲ್ 4. ಮೊದಲು ಕೀ ಆನ್, ಆಮೇಲೆ ಕನೆಕ್ಟ್." ಮುಂದೆ ಯಾರ ಕೈಗೆ ಸಿಕ್ಕರೂ ಇಸಿಎಂ ಬಿಚ್ಚುವ ಮೊದಲು ಅದನ್ನು ಓದಲಿ ಅಂತ.