ಜೋಳದ ಮಾಲ್ಟ್, ಗೋಲಿ ಸೋಡಾ: ಬಿಯರ್‌ನ ಮುಕ್ಕಾಲು ದಾರಿ ಮನೆಯಲ್ಲೇ

ಮನೆಯಲ್ಲಿ ಬಿಯರ್ ಮಾಡುವ ವಿಡಿಯೊ ನೋಡಿ ಕೈ ತುರಿಸಿಕೊಳ್ಳುವವರು ಈಗ ಬಳ್ಳಾರಿ, ರಾಯಚೂರು ಕಡೆಗೂ ಇದ್ದಾರೆ. ಬಾರ್ಲಿ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಒಂದು ಬಳ್ಳಿಯ ಹೂ), ಯೀಸ್ಟ್ ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತದಲ್ವಾ, ಮಾಡಿದರೆ ಏನು ತಪ್ಪು ಅಂತ ಕೇಳುತ್ತಾರೆ. ತಪ್ಪು ಇದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಾರುವುದಕ್ಕಲ್ಲ, ಮನೆಯಲ್ಲಿ ಕುಡಿಯುವುದಕ್ಕೆ ಅಂದರೂ ಬಿಡುವುದಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಮನೆಯ ಬಿಯರ್‌ಗೆ ದಾರಿ ಮಾಡಿಕೊಟ್ಟಿತು, ಆ ವಿಡಿಯೊಗಳು ಬರುವುದು ಅಂಥ ಕಡೆಯಿಂದ. ನಮ್ಮಲ್ಲಿ ಆ ದಾರಿ ಇಲ್ಲ.

ಆದರೆ ಬಿಯರ್ ಮಾಡುವುದು ಒಂದೇ ಕೆಲಸವಲ್ಲ, ನಾಲ್ಕು ಕೆಲಸ. ಕಾಳನ್ನು ಮೊಳಕೆ ಬರಿಸಿ ಒಣಗಿಸುವುದು ಮೊದಲನೆಯದು, ಹಾಗೆ ಒಣಗಿದ ಕಾಳಿಗೇ ಮಾಲ್ಟ್ ಅನ್ನುವುದು. ಅದನ್ನು ಬಿಸಿನೀರಿನಲ್ಲಿಟ್ಟು ಹಿಟ್ಟಿನ ಅಂಶವನ್ನು ಸಿಹಿ ಮಾಡುವುದು ಎರಡನೆಯದು. ಸೋಸಿ, ಕಹಿ ಸೇರಿಸಿ ಕುದಿಸುವುದು ಮೂರನೆಯದು. ಯೀಸ್ಟ್ ಹಾಕಿ ಹುಳಿಯಲು ಬಿಡುವುದು ಕೊನೆಯದು. ಮದ್ಯ ಹುಟ್ಟುವುದು ಆ ಕೊನೆಯ ಹಂತದಲ್ಲಿ ಮಾತ್ರ. ನನ್ನನ್ನು ಕೇಳಿದರೆ ಮಜಾ ಇರುವುದು ಮೊದಲ ಮೂರರಲ್ಲೇ. ಯೀಸ್ಟ್ ಹಾಕಿದ ಮೇಲೆ ನೀವು ಸುಮ್ನೆ ಕಾಯಬೇಕು, ಕೆಲಸವೆಲ್ಲ ಅದರದ್ದೇ. ಹಾಗಾಗಿ ಮೂರನೇ ಹಂತಕ್ಕೆ ನಿಲ್ಲಿಸಿ, ಬಂದ ರಸಕ್ಕೆ ಗೋಲಿ ಸೋಡಾ ಬೆರೆಸಿ ಕುಡಿಯೋಣ. ಮದ್ಯವಿಲ್ಲ, ಆದರೆ ಮಾಲ್ಟ್‌ನ ರುಚಿ, ನೊರೆ, ಸಣ್ಣ ಕಹಿ ಎಲ್ಲ ಇರುತ್ತದೆ.

ಇದಕ್ಕೆ ಬಾರ್ಲಿ ತರಿಸಬೇಕಾಗಿಲ್ಲ. ಮನೆಯ ಡಬ್ಬಿಯಲ್ಲಿರುವ ಬಿಳಿಜೋಳ ಸಾಕು. ದಕ್ಷಿಣ ಆಫ್ರಿಕಾದ ಊರುಮನೆಗಳಲ್ಲಿ ಮಾಡುವ ಉಮ್ಕೊಂಬೊತಿ ಎಂಬ ಬಿಯರ್‌ಗೆ ಮೆಕ್ಕೆಜೋಳದ ಜೊತೆ ಹಾಕುವುದು ಇದೇ ಜೋಳದ ಮಾಲ್ಟ್. ನೈಜೀರಿಯಾ ಸರ್ಕಾರ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನೇ ನಿಲ್ಲಿಸಿತು. ಅಲ್ಲಿನ ದೊಡ್ಡ ದೊಡ್ಡ ಬಿಯರ್ ಕಂಪನಿಗಳು ಬೇರೆ ದಾರಿ ಕಾಣದೆ ಜೋಳಕ್ಕೆ ಬಂದವು. ಯಲಬುರ್ಗಾ, ಕುಕನೂರಿನ ಎರೆ ಹೊಲದಲ್ಲಿ ಬೆಳೆಯುವ ಹಿಂಗಾರಿ ಜೋಳ ರೊಟ್ಟಿಗೆ ಮಾತ್ರ ಅಂದುಕೊಂಡವರು ನಾವು.

ಕಾಳು ಆರಿಸುವುದು

ಮಾಲದಂಡಿಯಂಥ ಬಿಳಿ ಹಿಂಗಾರಿ ಜೋಳ ಒಂದು ಕಿಲೋ ತೆಗೆದುಕೊಳ್ಳಿ. ಕೆಂಪು ಜೋಳದ ಕೆಲವು ತಳಿಗಳಲ್ಲಿ ಒಗರು ಜಾಸ್ತಿ, ಅವು ಬೇಡ. ಸುಗ್ಗಿ ಮುಗಿದ ಕೂಡಲೇ ತಂದ ಕಾಳು ಸರಿಯಾಗಿ ಮೊಳೆಯದೆ ಸತಾಯಿಸಬಹುದು, ಎರಡು ತಿಂಗಳಾದರೂ ಹಳೆಯದಿರಲಿ. ತೀರಾ ಹಳೆಯದೂ ಆಗುವುದಿಲ್ಲ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನದಲ್ಲಿ 90 ಕಾಳಾದರೂ ಮೊಳೆತರೆ ಮುಂದುವರಿಯಿರಿ, ಇಲ್ಲದಿದ್ದರೆ ಅದನ್ನು ರೊಟ್ಟಿಗೆ ಬಿಡಿ.

ಬಿತ್ತನೆ ಬೀಜದ ಪ್ಯಾಕೆಟ್ ಮಾತ್ರ ಮುಟ್ಟಲೇಬೇಡಿ. ಅದು ಚೆನ್ನಾಗಿ ಮೊಳೆಯುತ್ತದೆ ನಿಜ, ಆದರೆ ಅದಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಸವರಿರುತ್ತಾರೆ. ಗುಲಾಬಿ, ಕೆಂಪು ಬಣ್ಣ ಬಳಿದಿರುವುದೇ ತಿನ್ನಬೇಡಿ ಅಂತ ಹೇಳುವುದಕ್ಕೆ. ಎಷ್ಟು ತೊಳೆದರೂ ಅದು ಊಟದ ಕಾಳಾಗುವುದಿಲ್ಲ.

ಮೊಳಕೆ, ಬಿಸಿಲು, ಉಜ್ಜುವುದು

ಕಾಳನ್ನು ನಾಲ್ಕೈದು ಸಲ ತೊಳೆದು, ತೇಲಿದ್ದನ್ನು ಚೆಲ್ಲಿ, ಸುಮಾರು 20 ಗಂಟೆ ನೆನೆಸಿ. ಆರೇಳು ಗಂಟೆಗೊಮ್ಮೆ ನೀರು ಬದಲಿಸಬೇಕು. ಬದಲಿಸುವಾಗ ಅರ್ಧ ಗಂಟೆ ನೀರಿಲ್ಲದೆ ಬಿಟ್ಟರೆ ಕಾಳು ಉಸಿರಾಡುತ್ತದೆ. ನೆನೆದ ಮೇಲೆ ಒದ್ದೆ ಗೋಣಿಚೀಲದ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ, ನೆರಳಿನಲ್ಲಿಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೀರು ಚಿಮುಕಿಸಿ ಕೈಯಾಡಿಸಿ. ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳಬಾರದು, ಒಳಗೆ ಬಿಸಿ ಕಟ್ಟಬಾರದು.

25ರಿಂದ 30 ಡಿಗ್ರಿ ಈ ಕೆಲಸಕ್ಕೆ ಸರಿಯಾದ ಹವೆ. ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಎಳ್ಳ ಅಮಾವಾಸ್ಯೆಯ ಆಚೀಚೆ. ರಾಯಚೂರಿನ ಏಪ್ರಿಲ್‌ನಲ್ಲಿ ಬಿಸಿಲು 40 ದಾಟಿದಾಗ ಶುರು ಮಾಡಿದರೆ ಮೊಳಕೆಗಿಂತ ಮೊದಲು ಬೂಷ್ಟು ಬರುತ್ತದೆ. ಬೂಷ್ಟು ಹಿಡಿದರೆ, ಮುಗ್ಗಲು ವಾಸನೆ ಬಂದರೆ, ಹಸಿರು ಕಪ್ಪು ಚುಕ್ಕೆ ಕಂಡರೆ ಇಡೀ ರಾಶಿಯನ್ನು ಚೆಲ್ಲಿ. ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ. ಬೂಷ್ಟಿನ ವಿಷ ಕುದಿಸಿದರೆ ಹೋಗುವುದಿಲ್ಲ.

ನಾಲ್ಕನೇ ದಿನದ ಹೊತ್ತಿಗೆ ಮೊಳಕೆ ಕಾಳಿನಷ್ಟೇ ಉದ್ದವಾಗಿರುತ್ತದೆ, ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ. ಅಲ್ಲಿಗೆ ನಿಲ್ಲಿಸಿ ತೆಳ್ಳಗೆ ಹರಡಿ ಬಿಸಿಲಿಗೆ ಹಾಕಿ. ಮೊಳೆಯುವಾಗ ಕಾಳು ತನ್ನೊಳಗಿನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳಲು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ. ನಮಗೆ ಬೇಕಾದದ್ದು ಅದೇ. ಒಲೆಯ ಮೇಲೆ ಹುರಿದರೆ ಅದು ಸಾಯುತ್ತದೆ, ಬಿಸಿಲಿನಲ್ಲಿ ಒಣಗಿದರೆ ಉಳಿಯುತ್ತದೆ. ವಿದೇಶದವರು ಮಾಲ್ಟ್ ಒಣಗಿಸಲು ಭಟ್ಟಿ ಕಟ್ಟುತ್ತಾರೆ. ನಮಗೆ ಮಾಳಿಗೆ ಇದೆ, ಬಿಸಿಲಿಗಂತೂ ಬರವಿಲ್ಲ. ಎರಡು ದಿನದಲ್ಲಿ ಹಲ್ಲಿಗೆ ಕಟಂ ಅನ್ನುವಷ್ಟು ಒಣಗುತ್ತದೆ.

ಇನ್ನು ಮುಂದಿನದನ್ನು ಎರಡು ಸಲ ಓದಿ. ಎಳೆ ಜೋಳದ ಬೆಳೆ ಮೇಯ್ದು ದನ ಸತ್ತ ಸುದ್ದಿ ನಮ್ಮ ರೈತರಿಗೆ ಹೊಸದಲ್ಲ. ಎಳೆ ಸಸಿಯಲ್ಲಿರುವ ಧುರಿನ್ ಎಂಬ ಅಂಶ ಒಡೆದು ಸಯನೈಡ್ ಆಗುವುದೇ ಅದಕ್ಕೆ ಕಾರಣ. ಜೋಳದ ಮೊಳಕೆಯಲ್ಲೂ ಅದು ಇರುತ್ತದೆ, ಜಾಸ್ತಿ ಇರುವುದು ಚಿಗುರು, ಬೇರುಗಳಲ್ಲಿ. ಆದ್ದರಿಂದ ಹೆಸರುಕಾಳಿನ ಹಾಗೆ ಜೋಳದ ಮೊಳಕೆಯನ್ನು ಹಸಿಯಾಗಿ ಕೋಸಂಬರಿಗೆ ಹಾಕುವಂತಿಲ್ಲ. ಒಣಗಿದ ಮೇಲೆ ಕಾಳನ್ನು ಗೋಣಿಚೀಲದಲ್ಲಿ ಹಾಕಿ ಚೆನ್ನಾಗಿ ಉಜ್ಜಿ. ಚಿಗುರು, ಬೇರು ಎಲ್ಲ ಉದುರುತ್ತವೆ. ಮೊರದಲ್ಲಿ ಕೇರಿ ಅದನ್ನೆಲ್ಲ ಗುಂಡಿಗೆ ಚೆಲ್ಲಿ, ದನದ ಮುಂದೆ ಹಾಕಬೇಡಿ. ಆಮೇಲೂ ಉಳಿದದ್ದು ಮುಚ್ಚಳ ತೆರೆದು ಕುದಿಸುವಾಗ ಆವಿಯಾಗಿ ಹೋಗುತ್ತದೆ. ಉಜ್ಜುವುದು, ತೆರೆದು ಕುದಿಸುವುದು, ಎರಡೂ ಆಗಲೇಬೇಕು. ಇಷ್ಟು ರಗಳೆ ಬೇಡ ಅನ್ನುವವರು ಇದೇ ಕ್ರಮದಲ್ಲಿ ರಾಗಿಯನ್ನು ಮೊಳಕೆ ಬರಿಸಿ. ರಾಗಿಯಲ್ಲಿ ಈ ತಾಪತ್ರಯ ಇಲ್ಲ, ಕಿಣ್ವವೂ ಧಾರಾಳ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ರಾಗಿಯೇ ಸರಿ.

ಉಜ್ಜಿದ ಕಾಳನ್ನು ತರಿತರಿಯಾಗಿ ಬೀಸಿ. ಇದೇ ನಿಮ್ಮ ಮಾಲ್ಟ್.

ಅಂಬಲಿ ನೀರಾಗುವ ಹೊತ್ತು

ಬಾರ್ಲಿಯವರ ವಿಧಾನ ಇಲ್ಲಿ ಕೈಕೊಡುತ್ತದೆ. ಅವರು ಮಾಲ್ಟನ್ನು ನೇರವಾಗಿ 65 ಡಿಗ್ರಿ ನೀರಿಗೆ ಹಾಕಿ ಒಂದು ಗಂಟೆ ಬಿಡುತ್ತಾರೆ. ಬಾರ್ಲಿಯ ಹಿಟ್ಟು ಅಷ್ಟು ಬಿಸಿಗೇ ಬೆಂದು ಅರಳುತ್ತದೆ, ಕಿಣ್ವ ಅದನ್ನು ಕತ್ತರಿಸುತ್ತದೆ. ಜೋಳದ ಹಿಟ್ಟು ಅರಳಲು 70 ದಾಟಬೇಕು. ಅಷ್ಟು ಬಿಸಿಯಲ್ಲಿ ಕಿಣ್ವ ಬೇಗ ಸಾಯುತ್ತದೆ. ಹಿಟ್ಟು ಬೇಯಿಸಲು ಹೋದರೆ ಕಿಣ್ವವಿಲ್ಲ, ಕಿಣ್ವ ಉಳಿಸಲು ಹೋದರೆ ಹಿಟ್ಟು ಬೆಂದಿರುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಮೊದಲು ಅಂಬಲಿ ಕಾಯಿಸಿ, ಆಮೇಲೆ ಮಾಲ್ಟ್ ಸೇರಿಸಿ.

400 ಗ್ರಾಂ ಸಾದಾ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಟ್ಟು ಎರಡೂವರೆ ಲೀಟರ್ ನೀರು ಸೇರುವಂತೆ ದೊಡ್ಡ ಪಾತ್ರೆಯಲ್ಲಿ ಕುದಿಸಿ. ತಳ ಹಿಡಿಯದಂತೆ ತಿರುವುತ್ತಾ 20 ನಿಮಿಷ ಬೇಯಿಸಿದರೆ ಗಟ್ಟಿ ಅಂಬಲಿಯಾಗುತ್ತದೆ. ಒಲೆಯಿಂದ ಇಳಿಸಿ 75 ಡಿಗ್ರಿಗೆ ಬರುವವರೆಗೆ ಕಾಯಿರಿ. ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳಲೇಬೇಕು, ಬೆರಳದ್ದಿ ನೋಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಷ್ಟರಲ್ಲಿ 200 ಗ್ರಾಂ ಮಾಲ್ಟನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಕಲಸಿಟ್ಟಿರಿ. ಅದನ್ನು ಸುರಿದು ತಿರುವಿದರೆ ಒಟ್ಟು ಬಿಸಿ ತಾನಾಗಿ 65ರ ಹತ್ತಿರ ಬಂದು ನಿಲ್ಲುತ್ತದೆ.

ಈಗ ಸೌಟು ಬಿಡಬೇಡಿ. ಸೌಟು ನಿಲ್ಲುವಷ್ಟು ಗಟ್ಟಿಯಿದ್ದ ಅಂಬಲಿ ಹತ್ತು ಹದಿನೈದು ನಿಮಿಷದಲ್ಲಿ ಸಡಿಲಾಗುತ್ತದೆ, ಆಮೇಲೆ ಸಾರಿನಷ್ಟು ತೆಳ್ಳಗಾಗುತ್ತದೆ. ಮಾಲ್ಟ್ ಸುರಿದ ಮೇಲೆ ಒಂದು ಹನಿ ನೀರೂ ಹಾಕಿರುವುದಿಲ್ಲ! ಹಿಟ್ಟಿನ ಉದ್ದನೆಯ ಸರಪಳಿಗಳನ್ನು ಕಿಣ್ವ ತುಂಡು ಮಾಡುತ್ತಿದೆ ಅಷ್ಟೇ. ಬಿಯರ್ ಕಾರ್ಖಾನೆಯ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಆಗುವುದೂ ಇದೇ. ಇದನ್ನೊಂದು ಸಲ ನೋಡಿದವರಿಗೆ ಬಾಟಲಿಯಲ್ಲಿ ಬರುವ ಬಿಯರ್‌ನ ಮೇಲಿನ ಕುತೂಹಲ ಅರ್ಧ ಇಳಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಪಾತ್ರೆಗೆ ಮುಚ್ಚಳ ಹಾಕಿ, ಕುರಿ ಕಂಬಳಿ ಸುತ್ತಿ ಒಂದೂವರೆ ಗಂಟೆ ಬಿಡಿ. ಕಂಬಳಿ ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಆಮೇಲೆ ರುಚಿ ನೋಡಲು ನಾಲಿಗೆಯ ತುದಿಗೆ ಒಂದು ಹನಿ ಸಾಕು, ಗಟಗಟ ಕುಡಿಯಬೇಡಿ, ಇನ್ನೂ ಕುದಿಸಿಲ್ಲ. ಸಕ್ಕರೆಯೇ ಹಾಕದ ಅಂಬಲಿ ಸಿಹಿಯಾಗಿರುತ್ತದೆ. ಸರಿಯಾಗಿ ಪರೀಕ್ಷೆ ಮಾಡಬೇಕು ಅಂದರೆ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ, ಆರಿದ ಮೇಲೆ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಯಾದರೆ ಹಿಟ್ಟು ಇನ್ನೂ ಉಳಿದಿದೆ, ಅರ್ಧ ಗಂಟೆ ಜಾಸ್ತಿ ಬಿಡಿ. ಆ ತಟ್ಟೆಯದನ್ನು ಚೆಲ್ಲಿಬಿಡಿ, ಪಾತ್ರೆಗೆ ಸೇರಿಸಬೇಡಿ. ಜೋಳದ ಮಾಲ್ಟ್‌ಗೆ ಬಾರ್ಲಿಯಷ್ಟು ಕಸುವಿಲ್ಲ, ಬಣ್ಣ ಪೂರ್ತಿ ಹೋಗದಿದ್ದರೂ ಚಿಂತೆ ಬೇಡ.

ಸೋಸುವುದು, ಕುದಿಸುವುದು

ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿ. ಉಳಿದ ಚರಟವನ್ನು ರೊಟ್ಟಿ ಹಿಟ್ಟಿಗೆ ಕಲಸಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ತಟ್ಟಿದರೆ ಒಳ್ಳೆಯ ಥಾಲಿಪಟ್ಟು ಆಗುತ್ತದೆ. ಚೆನ್ನಾಗಿ ಬೇಯಿಸಿ.

ರಸವನ್ನು ಮುಚ್ಚಳವಿಲ್ಲದೆ ಕುದಿಸಿ. ಮೊದಲ ಹತ್ತು ನಿಮಿಷ ನೊರೆ ಉಕ್ಕಿ ಒಲೆಯ ಮೇಲೆ ಬೀಳಲು ನೋಡುತ್ತದೆ, ಹತ್ತಿರವೇ ಇರಿ. ಕಿಟಕಿ ತೆರೆದಿರಲಿ. ಅರ್ಧ ಗಂಟೆಗೆ ಕಡಿಮೆ ಬೇಡ, ರಸ ಅರ್ಧಕ್ಕೆ ಇಳಿಯುವವರೆಗೆ ಕುದಿಸಿದರೆ ಸೋಡಾ ಬೆರೆಸಲು ಹದವಾಗಿರುತ್ತದೆ.

ಕಹಿಗೆ ಹಾಪ್ಸ್ ಬೇಕು ಅನ್ನುತ್ತಾರೆ. ಈಗಿನ ಜರ್ಮನಿಯಲ್ಲಿರುವ ಬವೇರಿಯಾದ 1516ರ ಕಟ್ಟಳೆ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಅಂತ ವಿಧಿಸಿತ್ತು. ಯೀಸ್ಟ್ ಹೆಸರೇ ಅದರಲ್ಲಿ ಇರಲಿಲ್ಲ. ಅದಕ್ಕೂ ಹಿಂದೆ ಯುರೋಪಿನವರು ತಮ್ಮ ಊರಿನ ಸೊಪ್ಪು ಬೇರುಗಳನ್ನೇ ಹಾಕುತ್ತಿದ್ದರು. ಹಾಗಿದ್ದ ಮೇಲೆ ನಾವು ಅರ್ಧ ಚಮಚ ಮೆಂತ್ಯ, ಹೆಬ್ಬೆರಳುದ್ದ ಜಜ್ಜಿದ ಶುಂಠಿ ಹಾಕಿದರೆ ಯಾರು ಕೇಳುತ್ತಾರೆ? ಕಪ್ಪು ಬಿಯರ್‌ನ ಬಣ್ಣ ಇಷ್ಟವಿದ್ದರೆ ಎರಡು ಚಮಚ ಮಾಲ್ಟನ್ನು ಹಂಚಿನ ಮೇಲೆ ಕಾಫಿಪುಡಿಯ ಬಣ್ಣಕ್ಕೆ ಹುರಿದು ಕುದಿಯುವಾಗ ಸೇರಿಸಿ. ನನಗಂತೂ ಇದೇ ಹೆಚ್ಚು ಹಿಡಿಸುತ್ತದೆ. ಮೆಂತ್ಯದ ಕೈ ಮುಂದಾದರೆ ಮಾತ್ರ ಇಡೀ ಪಾತ್ರೆ ಉಪ್ಪಿನಕಾಯಿ ಮಸಾಲೆಯ ವಾಸನೆ ಹೊಡೆಯುತ್ತದೆ. ಇಳಿಸಿದ ಮೇಲೆ ಇನ್ನೊಮ್ಮೆ ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಬಾಟಲಿಗೆ ತುಂಬಿ ಫ್ರಿಜ್‌ಗೆ ಸೇರಿಸಿ.

ಸೋಡಾ ಬೆರೆಸುವುದು

ಗ್ಲಾಸಿಗೆ ಮೂರರಲ್ಲಿ ಒಂದು ಪಾಲು ತಣ್ಣನೆಯ ರಸ, ಎರಡು ಪಾಲು ಗೋಲಿ ಸೋಡಾ, ನಾಲ್ಕು ಹನಿ ನಿಂಬೆರಸ. ಗೋಲಿಯ ಬಾಟಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ತಂದದ್ದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿದು ಮುಚ್ಚಳದ ಕೆಲಸ ಮಾಡುತ್ತದೆ. ಅವನ ದೇಶದಲ್ಲಿ ಅದು ಹೆಚ್ಚುಕಡಿಮೆ ಮರೆತೇ ಹೋಯಿತು, ನಮ್ಮ ಬಸ್ ಸ್ಟ್ಯಾಂಡ್‌ಗಳ ಹತ್ತಿರ ಇನ್ನೂ ಟಪ್ ಅನ್ನುತ್ತದೆ. ಸೋಡಾವನ್ನು ಗ್ಲಾಸಿನ ಅಂಚಿನಿಂದ ನಿಧಾನವಾಗಿ ಇಳಿಸಿ. ಮಾಲ್ಟ್ ರಸದ ಪ್ರೋಟೀನ್ ನೊರೆಯನ್ನು ಹಿಡಿದು ನಿಲ್ಲಿಸುವುದರಿಂದ ಬರೀ ಸೋಡಾಕ್ಕಿಂತ ಜಾಸ್ತಿ ಹೊತ್ತು ನೊರೆ ಇರುತ್ತದೆ. ಅವಸರ ಮಾಡಿದರೆ ಮೇಜಿನ ಮೇಲೆ ಹರಿಯುತ್ತದೆ. ಮಧುಮೇಹ ಇದ್ದವರು ಇದನ್ನು ಸಿಹಿ ಪಾನೀಯ ಅಂತಲೇ ಲೆಕ್ಕ ಹಿಡಿಯಬೇಕು.

ರಸವನ್ನು ಫ್ರಿಜ್‌ನಿಂದ ಹೊರಗೆ ಬಿಡಬೇಡಿ. ಗಾಳಿಯಲ್ಲಿ ಕಾಡು ಯೀಸ್ಟ್ ಇದ್ದೇ ಇರುತ್ತದೆ. ನಮ್ಮ ಸೆಕೆಯಲ್ಲಿ ಒಂದೇ ದಿನಕ್ಕೆ ಗುಳ್ಳೆ ಏಳಬಹುದು, ನೀವು ಬೇಡವೆಂದ ನಾಲ್ಕನೇ ಹಂತ ತಾನಾಗಿ ಶುರುವಾಗುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಸಿಡಿಯಲೂಬಹುದು, ಅದಕ್ಕೇ ಪ್ಲಾಸ್ಟಿಕ್ ಬಾಟಲಿ ವಾಸಿ. ಮೂರು ದಿನದೊಳಗೆ ಕುಡಿದು ಮುಗಿಸಿ. ಬಾಟಲಿ ಉಬ್ಬಿದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿ. ಬೀಸದೆ ಉಳಿದ ಮಾಲ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ಟರೆ ಒಂದೆರಡು ತಿಂಗಳು ಕೆಡುವುದಿಲ್ಲ. ಮುಂದಿನ ಸಲ ನೇರವಾಗಿ ಅಂಬಲಿಯಿಂದಲೇ ಶುರು ಮಾಡಬಹುದು.