ಯೆಜ್ಡಿಯ ಬ್ರೇಕ್ ಡ್ರಮ್ಮನ್ನು ಲೇತಿಗೆ ಕೊಡುವ ಮೊದಲು

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಬದಿಯಡ್ಕದ ಕಡೆಗೆ ಬರುವಾಗ ಸಿಗುವ ಇಳಿಜಾರುಗಳಲ್ಲಿ ಮುಂದಿನ ಬ್ರೇಕ್ ಹಿಡಿದರೆ ಲಿವರ್ ಬೆರಳಿನಡಿಯಲ್ಲಿ ಮಿಡಿಯುತ್ತಿತ್ತು. ಬಿಗಿ, ಸಡಿಲ, ಬಿಗಿ, ಸಡಿಲ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಮಿಡಿತ. ಡ್ರಮ್ಮಿನ, ಅಂದರೆ ಚಕ್ರದ ನಡುವೆ ಬ್ರೇಕ್ ಉಜ್ಜುವ ಡಬ್ಬಿಯ, ಒಳಗಿನ ವೃತ್ತ ಕೆಟ್ಟು ಮೊಟ್ಟೆಯ ಆಕಾರಕ್ಕೆ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇಕಿಲ್ಲ.

ಬೈಕ್ ಅಪ್ಪನದ್ದು, ಯೆಜ್ಡಿ ರೋಡ್‌ಕಿಂಗ್. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇವತ್ತು ಒಳ್ಳೆಯ ಹಳೆಯ ಹಬ್ (ಡ್ರಮ್ ಇರುವ, ಚಕ್ರದ ನಡುಭಾಗ) ಹುಡುಕುವುದೆಂದರೆ ಗುಜರಿ ಅಂಗಡಿಗಳನ್ನು ಸುತ್ತುವ ಕೆಲಸ. ಅಲ್ಯೂಮಿನಿಯಂ ಹಬ್ಬಿನ ಒಳಗೆ ಕೂತಿರುವ ಬೀಡು ಕಬ್ಬಿಣದ ಬಳೆಯ ಮೇಲೆಯೇ ಬ್ರೇಕ್ ಶೂ ಉಜ್ಜುವುದು. ಆ ಬಳೆಯ ದಪ್ಪ ಇಷ್ಟೇ, ಒಮ್ಮೆ ಕೆತ್ತಿ ತೆಗೆದದ್ದು ಮತ್ತೆ ಬಾರದು. ಆದ್ದರಿಂದ ಲೇತಿಗೆ, ಅಂದರೆ ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರಕ್ಕೆ, ಒಯ್ಯುವ ಮೊದಲು, ನಿಜವಾಗಿಯೂ ಒಯ್ಯಬೇಕೇ ಎಂದು ನೋಡಿಕೊಳ್ಳಿ.

ಚಕ್ರ ಬಿಚ್ಚಿ ಬ್ರೇಕ್ ಪ್ಲೇಟ್ ತೆಗೆದ ಕೂಡಲೇ ಒಳಗಿನ ಧೂಳನ್ನು ಬಾಯಿಯಿಂದಾಗಲಿ, ಪಂಕ್ಚರ್ ಅಂಗಡಿಯ ಗಾಳಿಯಿಂದಾಗಲಿ ಊದಬೇಡಿ. ಶೂಗಳಿಗೆ ಅಂಟಿಸಿರುವ ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಮಕ್ಕಳು ಓಡಾಡುವ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ.

ಈಗ ಕಬ್ಬಿಣವನ್ನು ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಗಾಡಿ ಒಂದು ತಿಂಗಳು ಕೊಟ್ಟಿಗೆಯಲ್ಲಿ ನಿಂತರೆ ಸಾಕು, ಡ್ರಮ್ಮಿನೊಳಗೆ ಕೆಂಪು ತುಕ್ಕು ಹಿಡಿದಿರುತ್ತದೆ. ಅದು ಮೇಲ್ಮೈಯದ್ದಾದರೆ 80 ನಂಬರಿನ ಎಮೆರಿ ಪೇಪರಿನಿಂದ ಉಜ್ಜಿದರೆ ಹೋಗುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದರೂ ಮದ್ದು ಅದೇ. ಉಗುರನ್ನು ಅಡ್ಡಲಾಗಿ ಎಳೆದಾಗ ಗೀರಿಗೆ ಸಿಕ್ಕಿಕೊಂಡರೆ, ಗುಳಿಗಳಿದ್ದರೆ, ಬಿಸಿಗೆ ನೀಲಿಗಟ್ಟಿದ ಮಚ್ಚೆಗಳಿದ್ದರೆ ಮಾತ್ರ ಲೇತಿನ ಮಾತು. ಅಡಿಕೆ ತೋಟದವರ ಗಾಡಿಯಾದರೆ ಹಿಂದಿನ ಹಬ್ಬನ್ನು ಇನ್ನಷ್ಟು ಗಮನಿಸಿ. ಅಪ್ಪ ಪ್ರತಿ ವರ್ಷ ಮದ್ದು ಬಿಡುವ ಕಾಲಕ್ಕೆ ಮೈಲುತುತ್ತನ್ನು ಕ್ಯಾರಿಯರಿನಲ್ಲಿ ಕಟ್ಟಿ ತರುತ್ತಿದ್ದರು. ಮಳೆಗೆ ಕರಗಿ ಸೋರಿದ ಆ ನೀಲಿ ನೀರು ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ನಮ್ಮ ಗಾಡಿಯ ಹಿಂದಿನ ಹಬ್ಬಿನ ಅಂಚಿನಲ್ಲಿ ಆ ಗುಳಿಗಳು ಇಂದಿಗೂ ಇವೆ.

ಬಿರುಕು ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಡ್ರಮ್ಮಿನ ಒಳಮೈಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರಸಿ, ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೇಲೆದ್ದು ಬಿಳಿಯ ಮೇಲೆ ಕೂದಲೆಳೆಯಂತಹ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದ ಡ್ರಮ್ಮನ್ನು ಯಾವ ಲೇತೂ ಉಳಿಸದು. ಅದನ್ನು ಬಳಸಲೇಬೇಡಿ.

ನಂತರ ಅಳತೆ. ಡ್ರಮ್ಮಿನ ಹೊರ ಅಂಚಿನಲ್ಲಿ ಶೂ ತಾಗದ ಒಂದು ಸಣ್ಣ ಏಣು ಉಳಿದಿರುತ್ತದೆ. ತುಕ್ಕು ಕೆರೆದು ಅಲ್ಲಿ ಅಳೆದರೆ ಮೂಲ ವ್ಯಾಸ ಹೆಚ್ಚುಕಡಿಮೆ ಸಿಗುತ್ತದೆ. ಶೂ ಓಡುವ ಜಾಗದಲ್ಲಿ ಸುತ್ತಲೂ ಮೂರು ನಾಲ್ಕು ದಿಕ್ಕುಗಳಲ್ಲಿ ಅಳೆದು ಬರೆದಿಡಿ. ದಿಕ್ಕಿನಿಂದ ದಿಕ್ಕಿಗೆ ವ್ಯತ್ಯಾಸ 0.1 ಮಿ.ಮೀ. ದಾಟಿದ್ದರೆ ಕೈಗೆ ಮಿಡಿತ ತಿಳಿಯುತ್ತದೆ. ಕೆತ್ತಿದ ಮೇಲೆ ಒಟ್ಟು ವ್ಯಾಸ ಮೂಲಕ್ಕಿಂತ 1 ಮಿ.ಮೀ.ಗಿಂತ ಹೆಚ್ಚಾಗುವಂತಿದ್ದರೆ ನಾನು ಮುಂದುವರಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ. ಮೊದಲ ಸಲ ನಾನು ಹಬ್ಬನ್ನು ಚಕ್ರದಿಂದ ಬಿಡಿಸಿ, ಬರೀ ಹಬ್ ಒಯ್ದು ಕೆತ್ತಿಸಿದೆ. ಕೆಲಸ ಚೆನ್ನಾಗಿಯೇ ಆಗಿತ್ತು, ಏರುಪೇರು ಅಳೆಯುವ ಡಯಲ್ ಗೇಜಿನ ಮುಳ್ಳು ಅಲುಗಲಿಲ್ಲ. ಮನೆಗೆ ತಂದು ಹೊಸ ಕಡ್ಡಿ (ಸ್ಪೋಕ್) ಹಾಕಿಸಿ ಚಕ್ರ ನೇರ ಮಾಡಿಸಿದೆ. ಬ್ರೇಕ್ ಹಿಡಿದರೆ ಅದೇ ಮಿಡಿತ! ಮೂವತ್ತಾರು ಕಡ್ಡಿಗಳು ಬಿಗಿಯಾದಾಗ ಹಬ್ಬನ್ನು ಸುತ್ತಲಿಂದಲೂ ಹೊರಗೆ ಎಳೆಯುತ್ತವೆ. ಆ ಎಳೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಒಳಗಿನ ಬಳೆ ಅದಕ್ಕೆ ತಕ್ಕಂತೆ ಬಾಗುತ್ತದೆ. ಎಷ್ಟೋ ಕಬ್ಬಿಣ ವ್ಯರ್ಥವಾದ ಮೇಲೆ ಇದು ನನಗೆ ಅರ್ಥವಾಯಿತು. ಮೊದಲು ಬೇರಿಂಗ್ ಕೂರುವ ಜಾಗ ಸರಿಯಿದೆಯೇ ನೋಡಿ, ಕಡ್ಡಿ ಹಾಕಿಸಿ, ರಿಮ್ ನೇರ ಮಾಡಿಸಿ. ಡ್ರಮ್ ಕೆತ್ತುವುದು ಅದಾದ ಮೇಲೆಯೇ, ಇಡೀ ಚಕ್ರವನ್ನು ಲೇತಿಗೆ ಏರಿಸಿ.

ಇದಕ್ಕೆ ಎಲ್ಲ ಲೇತುಗಳೂ ಆಗುವುದಿಲ್ಲ. ಟಯರ್ ಬಿಚ್ಚಿದರೂ 18 ಇಂಚಿನ ರಿಮ್ಮಿನ ಹೊರ ಅಳತೆ ಅರ್ಧ ಮೀಟರಿನ ಹತ್ತಿರ ಬರುತ್ತದೆ. ಚಕ್‌ನ (ವಸ್ತುವನ್ನು ಹಿಡಿದು ತಿರುಗಿಸುವ ಭಾಗ) ಎದುರು ಬೆಡ್ಡಿನಲ್ಲಿ, ಅಂದರೆ ಲೇತಿನ ಉದ್ದನೆಯ ತಳದಲ್ಲಿ, ಹಳ್ಳ ಬಿಟ್ಟಿರುವ, ಗ್ಯಾಪ್ ಬೆಡ್ ಎನ್ನುವ ಲೇತ್ ಬೇಕು. ಕುಂಬಳೆಯ ಹತ್ತಿರ ಅಂತಹ ಒಂದು ಲೇತ್ ಸಿಕ್ಕಿತು. ಚಕ್ರ ನೋಡಿ ಲೇತಿನವರು, "ಮಾಷ್ಟ್ರೇ, ಇದು ನಿಮಗೆ ಯಾರು ಹೇಳಿಕೊಟ್ಟದ್ದು? ಎಲ್ಲರೂ ಹಬ್ ಮಾತ್ರ ತರುತ್ತಾರೆ" ಎಂದರು. ಅವರು ಬೇರಿಂಗ್ ತೆಗೆದು, ಆ ಕುಳಿಗಳಿಗೆ ಬಿಗಿಯಾಗಿ ಕೂರುವ ಒಂದು ಉಕ್ಕಿನ ಮ್ಯಾಂಡ್ರೆಲ್ (ಚಕ್ರವನ್ನು ಹಿಡಿದು ತಿರುಗಿಸುವ ದಂಡ) ಮಾಡಿದರು. ಚಕ್ರ ತಿರುಗುವ ಕೇಂದ್ರ ಬೇರಿಂಗಿನದ್ದು, ಆದ್ದರಿಂದ ಕೆತ್ತುವ ಕೇಂದ್ರವೂ ಅದೇ ಆಗಿರಬೇಕು. ಹೊರಮೈಯನ್ನು ಹಿಡಿದು ಕೆತ್ತುತ್ತೇನೆ ಎನ್ನುವವರಿಗೆ ಕೊಡಬೇಡಿ.

ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲ ಸುತ್ತಿನಲ್ಲಿ ಉಳಿ ಎದುರುಬದುರಾಗಿ ಎರಡು ಕಡೆ ಮಾತ್ರ ಕಬ್ಬಿಣ ಮುಟ್ಟಿತು. ಅಲ್ಲಿ ಬೂದು ಬಣ್ಣದ ಹೊಸ ಪಟ್ಟಿ, ನಡುವೆ ಹಳೆಯ ಕಪ್ಪು. ಸದ್ದೂ ತುಂಡು ತುಂಡು. ಪ್ರತಿ ಸಲ 0.1 ಮಿ.ಮೀ.ಗಿಂತ ಹೆಚ್ಚು ಇಳಿಸಲಿಲ್ಲ. ಮೂರನೆಯ ಸಲಕ್ಕೆ ಸದ್ದು ಒಂದೇ ಎಳೆಯಾಯಿತು, ಕಪ್ಪು ಮಾಯವಾಯಿತು. ಅಲ್ಲಿಗೆ ನಿಲ್ಲಿಸಿದರು. ಬೀಡು ಕಬ್ಬಿಣವನ್ನು ಒಣಗಾಗಿಯೇ ಕೆತ್ತುವುದು, ಎಣ್ಣೆ ನೀರು ಬೇಡ. ಸುರುಳಿ ಬರುವುದಿಲ್ಲ, ಗ್ರಾಫೈಟ್ ಬೆರೆತ ಕಪ್ಪು ಪುಡಿ ಉದುರುತ್ತದೆ. ಹಬ್ಬು ನಡುಗಿ ಮೈಮೇಲೆ ಅಲೆ ಮೂಡಿದರೆ ಹಳೆಯ ಟ್ಯೂಬಿನ ಪಟ್ಟಿಯನ್ನು ಹಬ್ಬಿಗೆ ಬಿಗಿಯಾಗಿ ಸುತ್ತಿಸಿ.

ಉಳಿ ಬಿಟ್ಟುಹೋಗುವ ಗೆರೆ ಸ್ಕ್ರೂವಿನ ಎಳೆಯಂತೆ ಸುರುಳಿಯಾಗಿರುತ್ತದೆ. ಹಾಗೆಯೇ ಬಿಟ್ಟರೆ ಅದು ಶೂಗಳನ್ನು ಪಕ್ಕಕ್ಕೆ ಎಳೆಯುತ್ತದೆ. 120 ನಂಬರಿನ ಎಮೆರಿಯಿಂದ ಓರೆಯಾಗಿ, ಎರಡೂ ದಿಕ್ಕಿಗೆ ಉಜ್ಜಿ ಆ ಗೆರೆಯನ್ನು ಮುರಿಯಿರಿ. ಆಮೇಲೆ ಥಿನ್ನರ್ ಹಾಕಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರಸಿ.

ಡ್ರಮ್ ದೊಡ್ಡದಾಯಿತು ಎಂದರೆ ಹಳೆಯ ಶೂ ಅದಕ್ಕೆ ಚಿಕ್ಕದಾಯಿತು. ಅದನ್ನೇ ಹಾಕಿದರೆ ನಡುವಿನ ಸ್ವಲ್ಪ ಭಾಗ ಮಾತ್ರ ತಾಗುತ್ತದೆ. ನಾನು ಮಂಗಳೂರಿನಲ್ಲಿ ದಪ್ಪ ಲೈನರ್ ಅಂಟಿಸಿ, ಬ್ರೇಕ್ ಪ್ಲೇಟಿನಲ್ಲಿ ಕೂರಿಸಿದ ಹಾಗೆಯೇ ಶೂಗಳನ್ನು ಲೇತಿನಲ್ಲಿ ಡ್ರಮ್ಮಿಗಿಂತ 0.3 ಮಿ.ಮೀ. ಕಡಿಮೆ ವ್ಯಾಸಕ್ಕೆ ತಿರುಗಿಸಿದೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ, ಬೆಂಕಿಗೆ ಹಿಡಿದರೂ ಪ್ರಯೋಜನವಿಲ್ಲ, ಬಿಸಿಯಾದಾಗ ಗ್ರೀಸ್ ಮತ್ತೆ ಮೇಲೆ ಬರುತ್ತದೆ.

ಜೋಡಿಸುವಾಗ ಶೂಗಳನ್ನು ಅಗಲಿಸುವ ಕ್ಯಾಮ್‌ಗೆ ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಸವರಿ. ಆಕ್ಸಲ್ ನಟ್ಟನ್ನು ಕೊನೆಯ ಬಿಗಿ ಕೊಡುವಾಗ ಯಾರಾದರೊಬ್ಬರು ಬ್ರೇಕ್ ಲಿವರನ್ನು ಬಲವಾಗಿ ಹಿಡಿದಿರಲಿ. ಆಗ ಶೂಗಳು ಡ್ರಮ್ಮಿನ ನಡುವಿಗೆ ತಾವೇ ಬಂದು ಕೂರುತ್ತವೆ. ಬ್ರೇಕ್ ಹಿಡಿದಾಗ ಪ್ಲೇಟಿನ ಮೇಲಿನ ಕೈಗೂ ಕೇಬಲ್‌ಗೂ ನಡುವೆ ಲಂಬ ಕೋನ ಬರಬೇಕು. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ತಡೆಹಿಡಿಯುವುದಿಲ್ಲ, ಭಾರವೆಲ್ಲ ಈ ಎರಡು ಶೂಗಳ ಮೇಲೆ.

ಮೊದಲ ದಿನ ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಮೆಲ್ಲಗೆ ಹಿಡಿದು ನಿಧಾನಿಸಿ, ಬಿಟ್ಟು ತಣಿಯಲು ಬಿಡಿ. ಹತ್ತು ಹದಿನೈದು ಸಲ ಹೀಗೆ ಮಾಡಿ. ಇನ್ನೂರು ಕಿ.ಮೀ. ಓಡಿದ ಮೇಲೆ ನಾನು ಮತ್ತೆ ಬಿಚ್ಚಿ ನೋಡಿದೆ. ಎರಡು ಶೂಗಳಲ್ಲಿ ಮುಂದಿನದರ ಲೈನರ್ ತುದಿಯಿಂದ ತುದಿಯವರೆಗೆ ಒಂದೇ ಬಣ್ಣಕ್ಕೆ ತಿರುಗಿತ್ತು. ಹಿಂದಿನದರಲ್ಲಿ ಮಾತ್ರ ಬುಡದ ಕಡೆ ಹೆಬ್ಬೆರಳಗಲದ ಜಾಗ ಇನ್ನೂ ಹೊಸದರಂತೆಯೇ ಇತ್ತು. ಆ ಭಾಗವೂ ಕೂತ ಮೇಲೆ ಕೇಬಲ್ಲನ್ನು ಅರ್ಧ ಸುತ್ತು ಬಿಗಿ ಮಾಡಿದೆ.