ಪಾಯದ ಮೂಲೆ ಸರಿಯಿದೆಯಾ? ಟೇಪು ಹಿಡಿದು ನೀವೇ ನೋಡಿ

ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕುವಾಗ ಕೊನೆಯ ಸಾಲು ಒಂದು ತುದಿಯಲ್ಲಿ ಮೂರು ಇಂಚು, ಇನ್ನೊಂದು ತುದಿಯಲ್ಲಿ ಒಂದೂವರೆ ಇಂಚು ಬಂತು. ಟೈಲ್ಸ್‌ನವರು ಗೋಡೆ ತೋರಿಸಿದರು, ಗೋಡೆ ಕಟ್ಟಿದ ಮೇಸ್ತ್ರಿ ಪಾಯ ತೋರಿಸಿದರು. ಪಾಯದ ಮಾರ್ಕಿಂಗ್ ಮಾಡುವಾಗ ನಾನು ಎಲ್ಲರಿಗೂ ಕಾಫಿ ತರಲು ಹೋಗಿದ್ದೆ!

ನೀವು ಹೋಗಬೇಡಿ. ಗೂಟ, ದಾರ, ಸ್ಟೀಲ್ ಟೇಪು ಇದ್ದರೆ ಸಾಕು. ಬಟ್ಟೆ ಟೇಪು ಮಾತ್ರ ಬೇಡ, ಎಳೆದರೆ ಹಿಗ್ಗುತ್ತದೆ.

ಮೊದಲು ರಸ್ತೆ ಕಡೆಯ ದಾರವನ್ನು ಬಿಗಿಯಾಗಿ ಕಟ್ಟಿ. ಇದನ್ನು ಇನ್ನು ಅಲುಗಿಸಬಾರದು. ಮೂಲೆಯ ಗೂಟದ ತಲೆಗೆ ಒಂದು ಮೊಳೆ ಹೊಡೆದು, ಅಲ್ಲಿಂದ ಎರಡನೇ ದಾರವನ್ನು ಮೂಲೆಮಟ್ಟ ಇಟ್ಟು ಅಂದಾಜಿಗೆ ಎಳೆಯಿರಿ. ಮೊಳೆಯಿಂದ ಮೊದಲ ದಾರದ ಮೇಲೆ 6 ಅಡಿಗೆ ಗುರುತು, ಎರಡನೆಯದರ ಮೇಲೆ 8 ಅಡಿಗೆ ಗುರುತು. ಈ ಎರಡು ಗುರುತುಗಳ ಮಧ್ಯೆ ಸರಿಯಾಗಿ 10 ಅಡಿ ಇರಬೇಕು. ಜಾಸ್ತಿ ಬಂದರೆ ಮೂಲೆ ಅಗಲವಾಗಿದೆ, ಎರಡನೇ ದಾರವನ್ನು ಒಳಕ್ಕೆ ತನ್ನಿ. ಕಡಿಮೆ ಬಂದರೆ ಹೊರಕ್ಕೆ.

ಯಾಕೆ 10? 6×6 ಅಂದರೆ 36, 8×8 ಅಂದರೆ 64, ಕೂಡಿದರೆ 100, ಅದು 10×10. ಶಾಲೆಯಲ್ಲಿ ಲಂಬಕೋನ ಇದೆ ಅಂತ ಮೊದಲೇ ಹೇಳಿ ವಿಕರ್ಣ ಎಷ್ಟು ಅಂತ ಕೇಳುತ್ತಿದ್ದರು ಅಲ್ವಾ, ಇಲ್ಲಿ ಅದನ್ನೇ ಉಲ್ಟಾ ಮಾಡುತ್ತೇವೆ, ವಿಕರ್ಣ ಸರಿ ಬಂದರೆ ಮೂಲೆ ಸರಿ. ಪೈಥಾಗೊರಸ್ ಹೆಸರಿನ ಈ ಲೆಕ್ಕ ಬೌಧಾಯನ ಶುಲ್ಬಸೂತ್ರದಲ್ಲೂ ಇದೆ, ಯಜ್ಞವೇದಿ ಕಟ್ಟುವವರಿಗಾಗಿ. ಶುಲ್ಬ ಅಂದರೆ ಹಗ್ಗ!

ಕೆಲವರು 3-4-5 ಅಡಿಯಲ್ಲೇ ಮುಗಿಸುತ್ತಾರೆ. ಲೆಕ್ಕ ತಪ್ಪಲ್ಲ, ಆದರೆ ಆ 5 ಅಡಿಯಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಮೂಲೆ ಸುಮಾರು ಒಂದು ಡಿಗ್ರಿ ವಾರೆಯಾಗಿ, 40 ಅಡಿ ಗೋಡೆಯ ಆ ತುದಿ ಎಂಟು ಇಂಚು ಪಕ್ಕಕ್ಕೆ ಹೋಗಿರುತ್ತದೆ. 6-8-10ರಲ್ಲಿ ಅದೇ ಅರ್ಧ ಇಂಚು ತಪ್ಪಿದರೆ ನಾಲ್ಕು ಇಂಚು. ಜಾಗ ಇದ್ದರೆ 9-12-15 ಇನ್ನೂ ವಾಸಿ.

ನಾಲ್ಕೂ ಮೂಲೆ ಆದ ಮೇಲೆ ಎರಡೂ ವಿಕರ್ಣ ಅಳೆಯಿರಿ. ಎರಡೂ ಸಮ ಇರಬೇಕು. ಥರ್ಟಿ ಫಾರ್ಟಿ ಸೈಟಿಗೆ ಸರಿಯಾಗಿ 50 ಅಡಿ. ಸೈಟೇ ವಾರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಟ್ಟಡದ ಗೆರೆ ಸರಿಯಿದ್ದರೆ ಆಯ್ತು. ಸುತ್ತ ಜಾಗ ಬಿಟ್ಟು 24×32 ಉಳಿದರೆ ವಿಕರ್ಣ 40 ಅಡಿ. 24×33 ಆದರೆ ಮೊಬೈಲ್ ಕ್ಯಾಲ್ಕುಲೇಟರ್ 40.8 ತೋರಿಸುತ್ತದೆ. ಎಡವುವುದು ಇಲ್ಲೇ. ಅದು 40 ಅಡಿ 8 ಇಂಚಲ್ಲ. ಆ 0.8 ಅನ್ನು 12ರಿಂದ ಗುಣಿಸಿ, 40 ಅಡಿ ಒಂಬತ್ತೂವರೆ ಇಂಚಿನ ಮೇಲೆ ಒಂದು ಚೂರು. ಸುಣ್ಣದ ಪುಡಿ ಬೀಳುವ ಮುಂಚೆಯೇ ಇದೆಲ್ಲ ಮುಗಿಸಿ, ಆಮೇಲೆ ಜೆಸಿಬಿಯವರು ಕಾಯುವುದಿಲ್ಲ.